ಕೋಟಿನೊಳಗಿನ ಹವಳ

ಅಲ್ಮಾಟಿ ನಗರದಲ್ಲಿ ಅಂದು ಮೂಳೆ ಕೊರೆಯುವ ಚಳಿ. ಔಷಧಿ ಅಂಗಡಿಯ ಕೆಲಸ ಮುಗಿಸಿದ ಜಾದಿರಾ ಬಸ್ ನಿಲ್ದಾಣದ ಬೆಂಚಿನ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಐವತ್ತು ದಾಟಿದ ಗಂಡ ಹೆಂಡತಿ. ಗಂಡ ನೀರು ತುಂಬಿದ ಚೀಲವೊಂದನ್ನು ಕೋಟಿನೊಳಗೆ ಎದೆಗೆ ಅವುಚಿಕೊಂಡಿದ್ದ. ಅದರಲ್ಲೊಂದು ಜೀವಂತ ಹವಳದ ತುಣುಕು.

“ಈ ಹವಳ ಯಾರ ಮನೆಗೆ, ಯಜಮಾನ್ರೇ?” ಹೆಂಡತಿ ಕೇಳಿದಳು.

“ನಮ್ಮನೆ ಮೀನಿನ ತೊಟ್ಟಿಗೇ ಕಣೆ, ಕುಲ್ಯಾಶ್.”

“ಬಿಬಿಗುಲ್ ಮನೆಗೇನೋ ಅಂದ್ಕೊಂಡೆ. ಅವಳ ತೊಟ್ಟೀಲಿ ಕಲ್ಲಿನ ಕಮಾನು ಕಟ್ಟಿದೀರಿ, ಗುಹೆ ಮಾಡಿದೀರಿ. ನಮ್ಮನೇಲಿ ಕಲ್ಲು ಗುಡ್ಡೆ ಹಾಕಿ ಕೈ ತೊಳ್ಕೊಂಡ್ರಿ.”

“ಪಕ್ಕದ ಮನೆಯವಳು, ಒಬ್ಬಳೇ ಇದ್ದಾಳೆ. ಸಹಾಯ ಕೇಳಿದ್ಲು.”

“ಅದಕ್ಕೆ ಮೂರು ಸಂಜೆ ಬೇಕಾಯ್ತಾ?”

“ಹವಳಗಳನ್ನ ಒತ್ತೊತ್ತಾಗಿ ಇಟ್ರೆ ಒಂದನ್ನೊಂದು ಕುಟುಕಿ ಸಾಯಿಸ್ತವೆ. ಅಳೆದು ಅಳೆದು ಅಂತರ ಬಿಡ್ಬೇಕು.”

“ಹವಳಕ್ಕೆ ಬಿಟ್ರಿ. ಸೋಫಾದ ಮೇಲೆ ನಿಮ್ಮಿಬ್ಬರ ಮಧ್ಯೆ ಎಷ್ಟು ಬಿಟ್ಟಿದ್ರಿ?”

ಜಾದಿರಾ ನಗು ತಡೆಯಲಾರದೆ ಶಾಲಿನಿಂದ ಬಾಯಿ ಮುಚ್ಚಿಕೊಂಡಳು. ಗಂಡ ಮಾತ್ರ ನಗಲಿಲ್ಲ.

“ಅವಳು ಪಕ್ಕ ಕೂತು, ಇದ್ಯಾಕೆ ಇಲ್ಲಿ, ಅದ್ಯಾಕೆ ಅಲ್ಲಿ ಅಂತ ಕೇಳ್ತಿದ್ಲು. ನೀನು ನಮ್ಮ ತೊಟ್ಟಿ ಮುಂದೆ ಒಂದು ದಿನಾನಾದ್ರೂ ಕೂತಿದೀಯಾ?”

ಅಷ್ಟರಲ್ಲಿ ಅವರ ಬಸ್ಸು ಬಂತು. ಕುಲ್ಯಾಶ್ ಎದ್ದು ಗಂಡನ ಕೋಟಿನ ಬಿಚ್ಚಿಹೋಗಿದ್ದ ಗುಂಡಿ ಹಾಕಿದಳು.

“ಆ ಗುಡ್ಡೆ ಪೂರ್ತಿ ಕಿತ್ತು ಹೊಸದಾಗಿ ಜೋಡಿಸಿ. ಇವತ್ತೇ.”

“ತುಂಬ ಹೊತ್ತು ಹಿಡಿಯುತ್ತೆ. ಊಟ?”

“ನಿನ್ನೆಯ ಪುಲಾವ್ ಇದೆ. ತಟ್ಟೆ ಹಿಡ್ಕೊಂಡು ನಾನೂ ಅಲ್ಲೇ ಕೂತ್ಕೋತೀನಿ,” ಎನ್ನುತ್ತ ಅವಳು ಅವನ ತೋಳು ಹಿಡಿದು ಬಸ್ಸು ಹತ್ತಿಸಿದಳು.