ಕುಳಗೇರಿ ಕ್ರಾಸಿನ ವಿಳಾಸ

ಅಲ್ಲ ತಂಗಿ, ತುಳಸಿಗೇರಿ ಹಣಮಪ್ಪನ ಆಣಿ ಮಾಡಿ ಹೇಳ್ತೇನಿ, ಇದರಾಗ ಒಂದಕ್ಷರ ಸುಳ್ಳಿಲ್ಲ. ನಿನ್ನ ವಿಳಾಸ ಕದ್ದವರು ಪರದೇಶದ ಕಳ್ಳರು. ಕುಂದ್ರು, ಬಾಗಲದಾಗ ಯಾಕ ನಿಂತಿ? ಕುಳಗೇರಿ ಕ್ರಾಸಿನಿಂದ ಇಳಕಲ್ಲ ಅಂದ್ರ ಹತ್ತರೇನು, ಬಸ್ ಮ್ಯಾಲ ಬಸ್ ಹತ್ತಿ ಬಂದಿ. ಆ ಚೀಲಾ ಕೆಳಗ ಇಡು. ಒಲ್ಲ್ಯಾ? ಆತು, ತೊಡಿ ಮ್ಯಾಲ ಇಟಗೊಂಡ ಕುಂದ್ರು. ಚಾ ಬರ್ತೈತಿ. ನಮ್ಮ ಹೆಣತಿ ಚಂದವ್ವ ತವರಮನಿಗೆ ಅಂತ ಶಿರೂರಿಗೆ ಹೋಗ್ಯಾಳ, ಅದಕ್ಕ ಹೋಟೆಲ್ಲಿನ ಚಾ. ನೀ ಬಂದ ಕೂಡಲೆ ಫೋನ್ ಹಚ್ಚಿದ್ನಲ್ಲ, ಹುಲ್ಲಪ್ಪನ ಹೋಟೆಲ್ಲಿಗೆ ಹೇಳಿದ್ದು ಅದು. ಸ್ವಲ್ಪ ತಡಾ ಮಾಡ್ತಾನ. ಎಮ್ಮಿ ಹುಡುಕಿ, ಹಾಲ ಹಿಂಡಿ, ಆಮ್ಯಾಲ ಒಲಿ ಹಚ್ಚೂ ಮನಷ್ಯಾ.

ಶೀಲಾ ಇಲ್ಲವಾ. ಪರೀಕ್ಷಾ ಅಂತ ಬಾಗಲಕೋಟಿಗೆ ಹೋಗ್ಯಾಳ. ನಮ್ಮ ಅಣ್ಣನ ಮಗಳು ಆಕಿ. 'ಕೋಟೆ ಮಂದಿ' ವೆಬ್‌ಸೈಟ್ ಕಟ್ಟಿದಾಕಿ ಆಕಿನ, ಆದರ ಈಗ ಕೀಲಿ ನನ್ನ ಕೈಯಾಗ. "ಕಾಕಾ, ನಾ ಬರೂತನಕ ಸೈಟ್ ನೋಡಕೋ" ಅಂತ ಪಾಸ್‌ವರ್ಡ್ ಕೊಟ್ಟ ಹೋದ್ಲು. ಮತ್ಯಾರಿಗೆ ಕೊಡಬೇಕು? ಸೈಟ್ ಇರೂದ 'ಕೋಟೆ ಕಾಳಗ' ಅನ್ನೂ ಮೊಬೈಲ್ ಆಟ ಆಡೂ ಮಂದಿಗೆ. ಆ ಆಟದಾಗ ಜಪಾನದಾಂವ ಒಬ್ಬ ನನ್ನ ಕೂಡ ಸೋತು, ಮೊಬೈಲ್ ಮಾರಿ ಸನ್ಯಾಸಿ ಆದ. ಆ ಆಟ ಮಾಡಿದ ಕಂಪನಿಯವರು ಖುದ್ದ ಫೋನ್ ಮಾಡಿ, "ರಾಚಯ್ಯನವರ, ಬಾದಾಮಿ ಕೋಟಿ ಮೆಟ್ಟಲಾ ಆಟದಾಗ ಹೆಂಗ ಕೂಡಸಬೇಕ್ರಿ" ಅಂತ ಕೇಳಿದ್ರು. ಇಂಗ್ಲಿಷಿನಾಗ ಕೇಳಿದ್ರು, ನಾ ನಮ್ಮ ಮಾತಿನಾಗ ಹೇಳಿದೆ. ತಿಳಕೊಂಡ್ರು.

ನಗು ಬರಲಿಲ್ಲೇನು? ಇದಕ್ಕ ಎಲ್ಲಾರೂ ನಗ್ತಾರ.

ಹಾಂ, ಕಳ್ಳರು. ಊಟಾ ಮಾಡಿ ಕಂಪ್ಯೂಟರ್ ಮುಂದ ಕುಂತೇನಿ, ಪಡದಿ ಒಮ್ಮೆಲೆ ಕೆಂಪಾತು. ನಿಮ್ಮ ಮಂದಿ ಹೆಸರು, ವಿಳಾಸಾ, ಎಲ್ಲಾ ಸರಸರ ಹರಕೊಂಡ ಹೊಂಟಾವು. ನಾ ಬಿಡ್ತೇನೇನು? ವಾಯರ್ ಹಿಡದು ಜಗ್ಗಿದೆ. ಆ ಕಡಿಂದ ಅವರೂ ಜಗ್ಗಿದ್ರು. ಹಗ್ಗಜಗ್ಗಾಟ ನಡೀತು ನೋಡು, ಈ ಅಂಗೈ ಇನ್ನೂ ಕೆಂಪೈತಿ...

ಯಾಕ ಹಂಗ ನೋಡ್ತಿ? ಏನ? ಹೂಂ. ಕಳ್ಳರು ಪರದೇಶದವರಾದ್ರ ನಿನ್ನೆ ನಿನ್ನ ಗಂಡ ಹೆಂಗ ಬಂದು ಹೊಲಿಗಿ ಅಂಗಡಿ ಎದರಿಗೆ ನಿಂತ, ಅಂತೀ. ಕೇಳೂ ಮಾತ ಅದು. ಗಂಡನ ಮನಿ ಬಿಟ್ಟು ಬಂದು ಕುಳಗೇರಿ ಕ್ರಾಸಿನಾಗ ಹೊಲಕೋತ ಇದ್ದೀ. ತವರಮನ್ಯಾಗೂ ಹೇಳಿಲ್ಲ. ನಿನ್ನ ವಿಳಾಸ ಇದ್ದದ್ದು ನಮ್ಮ ಸೈಟಿನಾಗ ಅಷ್ಟ. 'ನೀರಿಲ್ಲದ ಕೋಟಿ ಹೆಂಗ ಕಾಯಬೇಕು' ಅಂತ ಗುಬ್ಬಿ ಅನ್ನೂ ಹೆಸರಿನ್ಯಾಗ ಬರದಿದ್ದೀ, ಅದಕ್ಕ ಬಹುಮಾನ ಬಂದಿತ್ತು, ಪಾರ್ಸಲ್ ಕಳಸಾಕ ಶೀಲಾ ವಿಳಾಸಾ ಇಸಗೊಂಡಿದ್ಲು. ಚಂದ ಬರದಿದ್ದೀ ಸುನಂದಾ. ನಾನ ಬರದೇನಿ ಅಂತ ಓಣ್ಯಾಗ ಹೇಳಕೊಂಡ ತಿರಿಗೇನಿ, ಅಷ್ಟ ಚಂದ.

ಆತು, ಆತು. ಕಳ್ಳರ ಮಾತಿಗೆ ಸ್ವಲ್ಪ ಉಪ್ಪು ಖಾರ ಹೆಚ್ಚಾತು. ಒಬ್ಬ ಬಂದಿದ್ದ. ಕಳ್ಳ ಅಲ್ಲ, ಮುಂದಿನ ಬಾಗಲದಿಂದ, ಚಪ್ಪಲಿ ಬಿಟ್ಟು ಬಂದ. ತಾನೂ ಇಂಥಾದ್ದೊಂದು ಸೈಟ್ ಮಾಡ್ತೇನಿ, ನಿಮ್ಮ ಬರಹಾ ಅದರಾಗ ಹಾಕಲೇನು ಅಂದ. ಶೀಲಾ ಸೈಟಿನ ತಳದಾಗ ಬರದಾಳಲ್ಲ, "ಇಲ್ಲಿಯ ಬರಹ ಬಳಸಬಹುದು, ಬರೆದವರ ಹೆಸರು ಹಾಕಿರಿ" ಅಂತ. ಅದರ ಕೆಳಗ ಇನ್ನೊಂದ ಸಾಲ ಐತಿ, ಹೌದು. "ಇಲ್ಲಿಗೆ ಬಂದವರ ವಿವರ ಯಾರಿಗೂ ಕೊಡುವುದಿಲ್ಲ." ಓದೇನಿ. ಕಣ್ಣಿಗೆ ಚಾಳೀಸ ಹಾಕ್ಕೊಂಡಿದ್ದಿಲ್ಲ ಆವಾಗ.

ನೋಡು, ನಮ್ಮದು ಇಳಕಲ್ಲ. ಇಲ್ಲಿ ಒಬ್ಬ ಸೀರಿಗೆ ಹೊಸಾ ದಡಿ ನೇಯ್ದ ಅಂದ್ರ ಮಗ್ಗಲ ಮನ್ಯಾಂವ ಬಂದು, ನಿಂತು ನೋಡಿ, ಚಾ ಕುಡದು ಹೋಗಿ, ತಾನೂ ಅದನ್ನ ನೇಯ್ತಾನ. ಕಳ್ಳ ಅಂತ ಯಾರೂ ಅನ್ನೂದಿಲ್ಲ. ದಡಿ ಎಲ್ಲಾರದು. ಕೇಳಿದಾಂವಗ ಕೊಡಬೇಕು, ಬರಿಗೈಲೆ ಕಳಸಬಾರದು. ಒಂದೊಂದ ಲೇಖನ ಯಾವಾಗ ತಗೀಲಿ ಅಂತ ಇಡೀ ಸೈಟಿನ ನಕಲು ಮಾಡಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಸೀರಿ ಕೇಳಿದ್ರ ಟ್ರಂಕ್ ಸಮೇತ ಹೊರಿಸಿ ಕಳಸಿದೆ. ಒಳಗ ಮಂದಿ ವಿಳಾಸಾನೂ ಅದಾವು ಅಂತ ಮುದುಕಗ ಏನ ಗೊತ್ತು?

ಏನಂದಿ? ಗಿರಾಕಿ ಮನೀನೂ ತೋರಸ್ತೀರೇನು ಅಂತೀ? ಛೆ ಛೆ. ಯಾರು ಯಾವ ಸೀರಿ ಒಯ್ದರು, ಯಾರಿಗೆ ಒಯ್ದರು, ಅದು ಅಂಗಡಿ ಕಟ್ಟಿ ಇಳೀಬಾರದು. ನಮ್ಮಪ್ಪ ಮೊದಲ ಕಲಿಸಿದ್ದು ಅದನ್ನ. ದಡಿ ಕೊಡ್ತೇವಿ, ಗಿರಾಕಿ...

ಬಾಗಲಾ ಯಾಕ ನೋಡ್ತಿ? ನಾ ನೋಡಿದ್ನೇನು? ಚಾ ಬಂತೇನೋ ಅಂತ ನೋಡಿದೆ.

ಅಲ್ಲಾ, ಅಂವ ಭಾಳ ಸಭ್ಯ ಮನಷ್ಯಾ ಅನಿಸಿದ್ದ. ಯಾರ ಅಂತ ನನಗ ಹೆಂಗ ಗೊತ್ತಾಗಬೇಕು? ಹಣಿ ಮ್ಯಾಲ ಬರಕೊಂಡಿರತಾರೇನು? ರೊಟ್ಟಿ ಉಂಡ, ಪುಂಡಿಪಲ್ಯೆ ಹೊಗಳಿದ. ಉಣಕೋತ ಉಣಕೋತ ಕಣ್ಣೀರ ತಂದಾ ಪ್ರೇಮಕುಮಾರ, ಮ್ಯಾಲೆ...

ಏನ? ಹೆಸರು? ನೀನ ಅಂದೆಲ್ಲ ಆಗಲೇ. ಅನ್ನಲಿಲ್ಲೇನು? ಗಂಡನ ಹೆಸರ ಹಿಡೀಲಿಲ್ಲ, ಬರೇ 'ಅಂವ' ಅಂದಿ. ಹೂಂ. ನೀ ಬಂದಾಗಿಂದ ಬರೇ 'ಅಂವ' ಅಂದೀ.

 ಬೈಯಿ ಬೇಕಾದ್ರ. ಹಿಂಗ ಕಣ್ಣಾಗ ಕಣ್ಣಿಟ್ಟ ಕುಂತ್ರ ನನಗ ಮಾತ ತಪ್ಪತಾವು.

ಆತು. ಗೊತ್ತಿತ್ತು. ಹುನಗುಂದದಾಂವ, ನಿನ್ನ ಗಂಡ, ಹೇಳೇ ಬಂದಿದ್ದ. ಹೊಸಾ ಸೈಟ್ ಗೀಟ್ ಏನೂ ಇಲ್ಲ, ಎಲ್ಲಾ ತುಂಬಿ ಪೆನ್‌ಡ್ರೈವ್ ಕೊಟ್ಟದ್ದ ಅಷ್ಟ ಖರೆ. "ಕಾಕಾ, ಗುಬ್ಬಿ ಅಂತ ಬರಿಯಾಕಿ ನನ್ನ ಹೆಣತಿ, ಒಂದ್ಸಲ ಕಂಡ್ರ ಕಾಲ ಹಿಡದು ಕರಕೊಂಡ ಹೋಗ್ತೇನಿ" ಅಂದ. ಗಂಡಾ ಹೆಂಡ್ತಿ ಜಗಳ ಉಂಡು ಮಲಗೂತನಕ ಅಂತ ಹಿರ್ಯಾರು ಸುಮ್ಮನ ಅಂದಾರೇನು? ಈ ಓಣ್ಯಾಗ ಎಷ್ಟ ಮನಿ ಕೂಡಿಸೇನಿ ಕೇಳು ಬೇಕಾದ್ರ. ಸಿಟ್ಟ ಮಾಡಿ ತವರಿಗೆ ಹೋದಾಕಿನ್ನ ಕರಸೂದು, ಗಂಡಗ ಎಲ್ಲಾರ ಮುಂದ ಬೈಯೂದು, ಇಬ್ಬರಿಗೂ ಹೋಳಿಗಿ ಹಾಕೂದು. ಎಳಿ ಹರದ್ರ ನೇಕಾರ ಸೀರಿ ಬಿಸಾಕ್ತಾನೇನು? ಗಂಟ ಹಾಕ್ತಾನ. ನಾನೂ ಗಂಟ ಹಾಕಾಕ ಹೋದೆ. ರಾಚಯ್ಯ ಇದ್ದದ್ದಕ್ಕ ಈ ಮನಿ ಉಳೀತು ಅಂತ ನಾಕ ಮಂದಿ ಅನ್ನಲಿ ಅಂತ ಆಸೆ. ಇಲ್ಲಾ ಅನ್ನೂದಿಲ್ಲ.

ಏನ ಮಾಡ್ತಿ? ತೋಳ ಯಾಕ ಏರಸ್ತಿ...

ಈ ಸುಟ್ಟ ಕಲಿ, ಒಗ್ಗರಣಿ ಎಣ್ಣಿ ಸಿಡೀತೇನು? ಅಲ್ಲ.

ನಾ ಜಲಮೆಲ್ಲಾ ಸೀರಿ ಅಂಗಡ್ಯಾಗ ಕಳದಾಂವ, ತಂಗಿ. ಇಸ್ತ್ರಿ ಮೂತಿ ಗುರ್ತ ಹಿಡೀತೇನಿ. ಕೈ ತಪ್ಪಿ ಬಿದ್ದಿದ್ರ ಅಂಚ ಅಷ್ಟ ತಾಗಿ ಒಂದ ಗೆರಿ ಎಳದಂಗ ಸುಡತೈತಿ. ಇದು ಪೂರಾ ಮೂಡೈತಿ. ಒತ್ತಿ ಹಿಡದದ್ದು.

ಮುಚ್ಚಕೋ. ಮುಚ್ಚಕೋ ನಮ್ಮವ್ವ.

ಕಾಲ ಹಿಡೀತೇನಿ ಅಂದಿದ್ದ. ಇದ ಮನ್ಯಾಗ, ಇಲ್ಲೇ ಕುಂತ ಅಂದಿದ್ದ. ಇನ್ನೊಂದ ರೊಟ್ಟಿ ಹಾಕು ಅಂತ ನಾ ಚಂದವ್ವಗ ಹೇಳಿದ್ದೆ.

ಏಳು. ಎದ್ದೇಳು, ಚೀಲಾ ತಗೋ. ಹಿಂದಿನ ಬಾಗಲಾ ಆ ಕಡೆ, ಮಗ್ಗದ ಖೋಲಿ ದಾಟಿದ್ರ. ಅಂಗಳಕ್ಕ ಹಚ್ಚಿ ಬಾನುಬಿ ಮನಿ. ನೂಲ ಸುತ್ತಕೋತ ಕುಂತಿರತಾಳ. ಕಾಕಾ ಕಳಸ್ಯಾನ ಅಂದ್ರ ಸಾಕು, ಯಾರು ಏನು ಅಂತ ಆಕಿ ಕೇಳೂದಿಲ್ಲ, ಒಳಗಿನ ಖೋಲ್ಯಾಗ ಕುಂದರಸ್ತಾಳ. ಶೀಲಾಗ ನಾ ಎಲ್ಲಾ ಹೇಳ್ತೇನಿ, ಹೊಡದ್ರೂ ಹೊಡೀಲಿ. ಪೊಲೀಸರ ಕಡೆ ಹೋಗೂದು ಗೀಗೂದು ಆಕಿಗೆ ತಿಳೀತೈತಿ. ಸೈಟಿನಾಗ ಉಳದವರಿಗೂ ತಿಳಸಬೇಕು, ನಿಮ್ಮ ವಿಳಾಸಾ ಹೊರಗ ಬಿದ್ದಾವು ಅಂತ. ರಾಚಯ್ಯ ಬೀಳಿಸ್ಯಾನ ಅಂತನ ಬರೀಲಿ. ಹೋಗು.

ಯಾಕ ನಿಂತಿ? ಯಾಕ ಅಂತ ಕೇಳಬ್ಯಾಡ. ಚಪ್ಪಲಿ ಕೈಯಾಗ ಹಿಡಕೋ, ಮುಂದಿನ ಕಟ್ಟಿ ಮ್ಯಾಲ ಬಿಡಬ್ಯಾಡ.

ಬೈಕ್ ಅದು. ಓಣ್ಯಾಗ ದಿನಾ ಬರತಾವು ಬೈಕು... ಬರ್ಲಿ ಬಿಡು, ಯಾಂವ ಬಂದ್ರೂ ನಾ ಅದೇನಿ. ಯಾಕಿನೂ ಬಂದಿಲ್ಲ ಅಂತೇನಿ. ಸುಳ್ಳ ಹೇಳೂದ್ರಾಗ ನನ್ನ ಮೀರಿಸಿದಾಂವ ಈ ಜಿಲ್ಲಾದಾಗ ಇನ್ನೂ ಹುಟ್ಟಿಲ್ಲ. ಬಾಗಲಾ ಮುಚ್ಚಿ, ಮೈಮ್ಯಾಲ ಬಂದ್ರ ಓಣಿ ಕೂಗಿ ಕರೀತೇನಿ.

ಫೋನ್ ಯಾಕ ನೋಡ್ತಿ? ಅದನ್ನ ನೋಡಬ್ಯಾಡ. ನನ್ನ ಮಾರೀನೂ ನೋಡಬ್ಯಾಡ ಹಂಗ... ಹೋಗ ನಮ್ಮವ್ವ, ಬೈಕ್ ನಿಂತಂಗಾತು.

ಹೇಳಿದ್ದೆಲ್ಲಾ ಖರೆ, ಸುನಂದಾ. ಒಂದ ಸಣ್ಣ ಮಾತ ಅಷ್ಟ ಹುಟ್ಟಿಸಿ ಹೇಳಿದ್ದು. ನೀ ಬಂದ ಕೂಡಲೆ ನಾ ಫೋನ್ ಹಚ್ಚಿದ್ದು ಚಾಕ್ಕಲ್ಲ.