ಕಾರ್ಮೆಲಳ ಜ್ಞಾನತಾಯಿ

ಅಲ್ಲ ಕಣೇ ಕಾರ್ಮೆಲ್, ಒಂದೇ ಒಂದು ಸಾಲು ಬಿಟ್ಬಿಟ್ರೆ ನಿನ್ನ ಪುಸ್ತಕ ಏನು ಮುಳುಗಿ ಹೋಗುತ್ತಾ? ನೂರ ನಲವತ್ತು ಪುಟ ಬರ್ದಿದ್ದೀಯ, ನಾಳೆ ಪ್ರೆಸ್ಸಿಗೆ ಕೊಡ್ಬೇಕು ಅಂತೀಯ! ಕ್ವಿನ್ಲಿವನ್ ಮನೆತನದ ಏಳು ತಲೆಮಾರು! ಅದ್ರಲ್ಲಿ ನಿನ್ನ ಜ್ಞಾನಸ್ನಾನದ ದಿವಸ ಜ್ಞಾನತಾಯಿಯಾಗಿ ನಿಂತು ನಿನ್ನನ್ನ ಚರ್ಚಿನ ನೀರಿನ ಮೇಲೆ ಹಿಡ್ಕೊಂಡಿದ್ದೋಳು ಯಾರು ಅನ್ನೋದು ಅಷ್ಟು ದೊಡ್ಡ ವಿಷಯಾನಾ? ಯಾರು ಓದ್ತಾರೆ ಅದನ್ನ? ಪುಸ್ತಕ ಬಿಡುಗಡೆ ದಿವಸ ಹಾಲ್‌ಗೆ ಬರೋ ಎಂಬತ್ತು ಜನದಲ್ಲಿ ಎಪ್ಪತ್ತು ಜನ ಬರೋದು ಸ್ಯಾಂಡ್‌ವಿಚ್ ತಿನ್ನೋಕೆ. ಮಿಕ್ಕ ಹತ್ತು ಜನ ತಮ್ಮ ಫೋಟೋ ಚೆನ್ನಾಗಿ ಬಂದಿದ್ಯಾ ಅಂತ ನೋಡೋಕೆ.

ನಗ್ತೀಯಾ? ನಗು, ನಗು. ನಾನು ಹೇಳಿದ್ದು ಸುಳ್ಳಾ ಹೇಳು?

ನೋಡು, ನಿನ್ನ ಕೆಲಸಾನ ನಾನು ಹಗುರ ಮಾಡ್ತಿಲ್ಲ. ಮೇಷ್ಟ್ರು ಕೆಲಸದಿಂದ ರಿಟೈರಾದ್ಮೇಲೆ ಬೇರೆಯೋರು ಗುಲಾಬಿ ಬೆಳೀತಾರೆ, ಹುಲ್ಲಿನ ಮೇಲೆ ಬೋಲ್ಸ್ ಚೆಂಡು ಉರುಳಿಸ್ತಾರೆ. ನೀನು ಸತ್ತೋರನ್ನ ಎಬ್ಬಿಸೋಕೆ ಹೊರಟೆ. ಐರ್ಲೆಂಡಿನವರೆಗೂ ಹೋಗಿ ಬಂದೆ. ಅಲ್ಲಿನ ಹಳೇ ಜನಗಣತಿ ತೆಗ್ದು, ನಮ್ಮಜ್ಜನ ಚಿಕ್ಕಪ್ಪನ ಹೆಸರಿನ ಮುಂದೆ ‘ಓದಲು ಬಾರದು’ ಅಂತ ಬರ್ದಿದ್ದನ್ನ ಹುಡುಕಿ, ಫೋಟೋ ಹೊಡ್ಕೊಂಡು ಬಂದೆ. ಪಾಪ, ಆ ಮನುಷ್ಯ. ನೂರು ವರ್ಷ ಆದ್ಮೇಲೂ ಮಾನ ಉಳೀಲಿಲ್ಲ.

ಇಲ್ಲಿ, ನಮ್ಮ ಹಿರಿಯರು ಹಡಗು ಹತ್ತಿ ಬಂದು ಸೇರಿದ ಈ ದೇಶದಲ್ಲಿ, ನಮ್ಮ ಸರ್ಕಾರ ನೋಡು, ಎಷ್ಟು ಒಳ್ಳೇದು! ಜನಗಣತಿ ಮಾಡಿತು, ತಲೆ ಎಣಿಸಿತು, ಎಣಿಸಿಯಾದ್ಮೇಲೆ ಆ ಹಾಳೆಗಳನ್ನೆಲ್ಲ ನಾಶ ಮಾಡಿತು. ಹಾಗಿರ್ಬೇಕು. ಆದ್ರೆ ಪಾದ್ರಿಗಳು ಇದಾರಲ್ಲ, ಅವರು ಒಂದು ಚೀಟೀನೂ ಎಸೆಯೋಲ್ಲ.

ಏನು? ಮುತ್ತಜ್ಜಿ ಒನೋರಾ ವಿಷಯಕ್ಕೂ ಇದಕ್ಕೂ ಏನು ಸಂಬಂಧ? ಹೌದು, ಅವಳ ಮದುವೆ ಫೆಬ್ರವರೀಲಿ, ಮೊದಲನೇ ಮಗೂಗೆ ಜ್ಞಾನಸ್ನಾನ ಮೇ ತಿಂಗಳಲ್ಲಿ. ನೀನು ಅದನ್ನ ನನಗೆ ಓದಿ ಹೇಳ್ದಾಗ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕೆ. ಪುಸ್ತಕದಲ್ಲೂ ಹಾಕಿದ್ದೀಯ, ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಬೇರೆ! ಯಾಕೆ ಹಾಕ್ದೆ ಅಂದ್ರೆ ಒನೋರಾ ಸತ್ತು ನೂರಿಪ್ಪತ್ತು ವರ್ಷ ಆಯ್ತು. ಎದ್ದು ಬಂದು ನಿನ್ನ ಕೆನ್ನೆಗೆ ಬಾರಿಸೋಲ್ಲ. ಸತ್ತೋರದ್ದಾದ್ರೆ ತಮಾಷೆ. ಬದುಕಿರೋರದ್ದು...

ಏನಿಲ್ಲ. ಏನೋ ಹೇಳೋಕೆ ಹೋದೆ. ಕೇಕ್ ತಗೋ.

ಸರಿ, ಸರಿ, ತೋರ್ಸು. ಇದೇನಾ ಚರ್ಚಿನ ಜ್ಞಾನಸ್ನಾನದ ಹಾಳೆ? ಕನ್ನಡಕ ಎಲ್ಲಿಟ್ಟೆ ನಾನು... ಹೂಂ. ಜೂನ್ ಇಪ್ಪತ್ತೊಂಬತ್ತು, ಸಾವಿರದ ಒಂಬೈನೂರ ಐವತ್ತೆರಡು. ಕಾರ್ಮೆಲ್ ಮೇರಿ. ತಂದೆ ಮಾರ್ಟಿನ್ ಕ್ವಿನ್ಲಿವನ್. ತಾಯಿ ನೋರಾ ಕ್ವಿನ್ಲಿವನ್. ಜ್ಞಾನತಾಯಿ, ಶ್ರೀಮತಿ ಟೂಹಿ. ಇದ್ಯಲ್ಲ ಎಲ್ಲಾ? ಇನ್ನೇನು ಬೇಕು ನಿನಗೆ?

ಹೌದು, ಶ್ರೀಮತಿ ಟೂಹಿ ಅಂದ್ರೆ ಆಗ ನಮ್ಮೂರ ಪಾದ್ರಿ ಆಗಿದ್ದ ಫಾದರ್ ಕಾನ್ಸಿಡೈನ್ ಮನೇಲಿ ಅಡಿಗೆ ಮಾಡ್ಕೊಂಡಿದ್ದ ಹೆಂಗಸು. ಹೌದು, ನಮಗೆ ಅವಳು ನೆಂಟಳೂ ಅಲ್ಲ, ನೆರೆಯವಳೂ ಅಲ್ಲ. ಹೌದು ಕಣೇ, ನಮ್ಮನೇಲಿ ಸಣ್ಣ ಮಕ್ಕಳಿಗೆಲ್ಲ ದೊಡ್ಡ ಮಗಳೇ ಜ್ಞಾನತಾಯಿ ಆಗ್ತಿದ್ದಿದ್ದು. ತಮ್ಮ ಬ್ರೆಂಡನ್‌ಗೆ ನಾನೇ ನಿಂತೆ, ಆಗ ನನಗೆ ಹದಿಮೂರು ತುಂಬಿತ್ತು. ತಂಗಿ ಮಾನಿಕಾಗೂ ನಾನೇ ನಿಂತೆ. ನಿನಗೆ ಮಾತ್ರ ನಿಲ್ಲಲಿಲ್ಲ. ಗೊತ್ತು. ಏಳು ವರ್ಷದ ಹುಡುಗಿ ಆಗಿದ್ದಾಗ್ಲೇ ಕೇಳಿದ್ದೆ ನೀನು, ಕೋಳಿಗೂಡಿನ ಹತ್ರ, “ಡಿಂಪ್, ನನ್ನನ್ನ ಯಾಕೆ ಬೇಡ ಅಂದೆ?” ಅಂತ. ನಾನು ಆಗ್ಲೇ ಹೇಳಿದ್ನಲ್ಲ, ನನಗೆ ಕೆಪ್ಪಟೆಬಾವು ಆಗಿತ್ತು ಅಂತ. ಮುಖ ಊದ್ಕೊಂಡು ಕುಂಬಳಕಾಯಿ ಆಗಿತ್ತು.

ಏನು ಹಾಗೆ ನೋಡ್ತೀಯ?

ಮಾನಿಕಾ ಮದುವೇಲಿ ಬೇರೆ ಹೇಳಿದ್ನಾ? ಏನು ಹೇಳ್ದೆ? ಬ್ಯಾಲರಾಟ್ ಪಟ್ಟಣದಲ್ಲಿ ಟೆಸ್ ಚಿಕ್ಕಮ್ಮನ ಮನೇಲಿ ಹೊಲಿಗೆ ಕಲೀತಿದ್ದೆ ಅಂತಾನಾ? ಅದೂ ನಿಜಾನೇ. ಹೊಲಿಗೇನೂ ಕಲೀತಿದ್ದೆ, ಕೆಪ್ಪಟೆಬಾವೂ ಬಂದಿತ್ತು. ಒಬ್ಬಳಿಗೇ ಎರಡೂ ಒಟ್ಟಿಗೆ ಆಗಬಾರದು ಅಂತ ಕಾನೂನಿದ್ಯಾ?

ಮತ್ತೆ ಇನ್ನೊಂದು ಹಾಳೇನಾ! ಇದನ್ನ ಎಲ್ಲಿಂದ ಕಿತ್ತೆ? ಓ... ಫಾದರ್‌ದು ಮನೆಮನೆ ಪುಸ್ತಕ. ಅಯ್ಯೋ ದೇವರೇ, ಅದೂ ಇದ್ಯಾ ಇನ್ನೂ! ಈಸ್ಟರ್ ಆದ ವಾರ ಬರ್ತಿದ್ರು, ಆ ಕಪ್ಪು ಪುಸ್ತಕ ಕಂಕುಳಲ್ಲಿಟ್ಕೊಂಡು. ಮನೇಲಿ ಯಾರ್ಯಾರು ಮಲಗ್ತಾರೆ, ಯಾರು ಪಾಪನಿವೇದನೆ ಮಾಡಿದ್ರು, ಯಾರು ಮಾಡಿಲ್ಲ, ಎಲ್ಲಾ ಬರ್ಕೊಳ್ಳೋರು. ಅಪ್ಪ ಆ ವಾರ ಪೂರ್ತಿ ಆಲೂಗಡ್ಡೆ ಹೊಲ ಬಿಟ್ಟು ಮನೆ ಕಡೆ ಬರ್ತಾನೇ ಇರ್ಲಿಲ್ಲ. ಓದು, ಏನಂತ ಬರ್ದಿದಾರೆ? “ಡಿಂಪ್ನಾ, ಹದಿನೇಳು, ಜನವರಿಯಿಂದ ಚಿಕ್ಕಮ್ಮನ ಮನೆಯಲ್ಲಿ.” ನೋಡಿದ್ಯಾ? ನಾನು ಹೇಳಿದ್ದೇ ಬರ್ದಿದೆ! ಹೊಲಿಗೆ!

ಜನವರಿಯಿಂದ ಜೂನ್‌ವರೆಗೆ ಹೊಲಿಗೆ ಕಲ್ತೋಳು ಒಂದು ಗುಂಡಿ ಹಾಕೋಕೂ ಬರೋಲ್ವಲ್ಲ ಅಂತೀಯಾ? ಟೆಸ್ ಚಿಕ್ಕಮ್ಮ ಸರಿಯಾಗಿ ಕಲಿಸಲಿಲ್ಲ. ಅವಳನ್ನೇ ಕೇಳು ಹೋಗಿ.

ನೀನು ಹೀಗೆ ಪೊಲೀಸರ ಥರ ಒಂದೊಂದೇ ಹಾಳೆ ಮೇಜಿನ ಮೇಲೆ ಇಡ್ಬೇಡ ಕಾರ್ಮೆಲ್. ನನಗೆ ಎಂಬತ್ತು ವರ್ಷ ಆಗ್ತಾ ಬಂತು. ಮೂವತ್ತು ವರ್ಷ ಈ ಊರಿನ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತಿದ್ದೋಳು ನಾನು. ಯಾರ ಮನೇಲಿ ಯಾರು ಯಾರಿಗೆ ಏನು ಹೇಳಿದ್ರು, ಎಲ್ಲಾ ಈ ಕಿವೀಲಿ ಬಿದ್ದಿದೆ. ಒಂದು ಮಾತು ಆಚೆ ಬಿಟ್ಟಿಲ್ಲ. ಬಾಯಿ ಬಿಡಿಸೋದು ಹೇಗೆ ಅಂತ ನನಗೆ ಕಲಿಸ್ಬೇಡ.

ಆಯ್ತು. ಆಯ್ತು! ನಿಜ ಬೇಕಾ ನಿನಗೆ? ಫಾದರ್‌ಗೂ ನನಗೂ ಜಗಳ ಆಗಿತ್ತು. ಡ್ಯಾನ್ಸ್ ವಿಷಯಕ್ಕೆ. ಶನಿವಾರದ ಡ್ಯಾನ್ಸ್‌ಗೆ ಹೋಗ್ತಿದ್ದೆ ನಾನು. ಪೀಠದ ಮೇಲೆ ನಿಂತ್ಕೊಂಡು ಅವರು ಒಂದಿನ “ಕೆಲವು ಹುಡುಗಿಯರು” ಅಂದ್ರು, ಇಡೀ ಚರ್ಚು ತಿರುಗಿ ನನ್ನನ್ನ ನೋಡ್ತು. ನಾನೂ ತಲೆ ತಗ್ಗಿಸಲಿಲ್ಲ. ವಾಪಸ್ ನೋಡ್ದೆ, ಒಬ್ಬೊಬ್ಬರನ್ನೂ. ಅದಕ್ಕೇ ಅವರಿಗೆ ಸಿಟ್ಟು. ಅದಕ್ಕೇ ನನ್ನನ್ನ ನಿಲ್ಲೋಕೆ ಬಿಡಲಿಲ್ಲ. ಮುಗೀತಾ? ಬರ್ಕೋ ಬೇಕಾದ್ರೆ: ‘ಅಕ್ಕ ಡ್ಯಾನ್ಸ್ ಮಾಡ್ತಿದ್ದಳು’ ಅಂತ. ಹಾಕು ಆಶ್ಚರ್ಯಸೂಚಕ!

...ಏನಂದೆ?

ಬಿಡಲಿಲ್ಲ ಅಂದ್ರೆ ಬಿಡಲಿಲ್ಲ. ಹಾಗಂದ್ರೆ ನಾನು ಕೇಳಿದ್ದೆ ಅಂತ ಅರ್ಥಾನಾ... ಹೌದು, ಬೇಡ ಅಂದಿದ್ದು ನಾನಲ್ಲ. ನಿನಗೆ ಮೊದಲೇ ಹೇಗೆ ಗೊತ್ತಾಯ್ತು?

ಅಂಚಿನಲ್ಲಿ? ಆ ಜ್ಞಾನಸ್ನಾನದ ಹಾಳೆ ಅಂಚಿನಲ್ಲಾ? ಕೊಡು ಇಲ್ಲಿ. ಇಷ್ಟು ಸಣ್ಣಕ್ಷರದಲ್ಲಿ... ನೀನೇ ಓದು.

“ಹಿರಿಯ ಮಗಳು ತಾನೇ ಜ್ಞಾನತಾಯಿ ಆಗುವೆನೆಂದು ಕೇಳಿದಳು. ನಿಯಮದಂತೆ ಅವಕಾಶವಿಲ್ಲ.”

ಬರ್ದೇ ಬಿಟ್ರಾ ಅವರು. ಬರ್ದೇ ಬಿಟ್ರು.

ಇಲ್ಲ, ನೀರೇನೂ ಬೇಡ. ಕೂತ್ಕೋ. ಹೇಳಿದ್ನಲ್ಲ, ಡ್ಯಾನ್ಸ್. ನಿಯಮ ಅಂದ್ರೆ ಅದೇ. ಡ್ಯಾನ್ಸ್‌ಗೆ ಹೋಗೋ ಹುಡುಗಿ ಜ್ಞಾನತಾಯಿ ಆಗಬಾರದು ಅಂತ... ಆಗ ಇತ್ತು ಹಾಗೆ. ನಿನಗೇನು ಗೊತ್ತು ಆಗಿನ ಕಾಲ?

ಹೂಂ. ಗೊತ್ತು. ಕಾನ್ವೆಂಟ್ ಶಾಲೇಲಿ ಮೂವತ್ತೊಂದು ವರ್ಷ ಧರ್ಮೋಪದೇಶ ಹೇಳಿದೋಳು ನೀನು. ನನಗೆ ಪಾಠ ಒಪ್ಪಿಸಬೇಕಾ ಈಗ? ಒಪ್ಪಿಸ್ತೀನಿ, ಬರುತ್ತೆ ನನಗೂ, ನಾವೂ ಬೆತ್ತದ ಏಟು ತಿಂದೇ ಕಲ್ತಿದ್ದು. ಜ್ಞಾನತಾಯಿ ಯಾರು ಆಗೋ ಹಾಗಿಲ್ಲ? ಕಥೋಲಿಕಳಲ್ಲದೋಳು. ಒಂದು. ನಾನು ಕಥೋಲಿಕಳೇ. ಹದಿಮೂರು ವರ್ಷ ತುಂಬದೋಳು. ಎರಡು. ನನಗೆ ಹದಿನೇಳು. ಕನ್ಯಾಸ್ತ್ರೀ ಆಗೋಕೆ ಮಠ ಸೇರಿದೋಳು. ಮೂರು. ಹ್ಹ! ನನ್ನ ಮುಖ ನೋಡಿದ್ರೆ ಮಠಕ್ಕೆ ಸೇರಿಸ್ಕೊಳ್ತಾರಾ? ಧರ್ಮದಿಂದ ಹೊರಗೆ ಹಾಕಿಸ್ಕೊಂಡೋಳು. ನಾಲ್ಕು. ಯಾರೂ ಹಾಕಲಿಲ್ಲ ನನ್ನನ್ನ, ಈಗ್ಲೂ ಪ್ರತಿ ಭಾನುವಾರ ಮೊದಲನೇ ಬೆಂಚಲ್ಲೇ ಕೂರ್ತೀನಿ. ಐದನೇದು...

ಐದನೇದು ಏನೋ ಇತ್ತು. ಮರ್ತೋಯ್ತು.

ನೀನೇ ಹೇಳು. ಮೇಷ್ಟ್ರಲ್ವಾ ನೀನು, ಹೇಳು.

ಕಾರ್ಮೆಲ್?

ಏನಾದ್ರೂ ಹೇಳೇ. ಹುಟ್ಟಿದಾಗಿನಿಂದ ಬಾಯಿ ಮುಚ್ಚಿದೋಳಲ್ಲ ನೀನು, ನಿದ್ದೇಲೂ ಮಾತಾಡ್ತಿದ್ದೆ. ಈಗ ಯಾಕೆ ಕನ್ನಡಕ ತೆಗ್ದಿಟ್ಟೆ? ನಗು ಬೇಕಾದ್ರೆ. ಬೈ. ಆ ಕನ್ನಡಕ ಹಾಕ್ಕೋ, ಹಾಗೆ ಬರಿಗಣ್ಣಲ್ಲಿ ನನ್ನ ನೋಡ್ಬೇಡ.

...ಗೊತ್ತಿತ್ತು ನಿನಗೆ. ಅಲ್ವಾ? ಈ ಹಾಳೆ ಸಿಕ್ಕ ದಿನಾನೇ ಗೊತ್ತಾಯ್ತು. ಪ್ರೆಸ್ಸು, ಪುಸ್ತಕ, ನಾಳೆ ಕೊಡ್ಬೇಕು, ಎಲ್ಲಾ ನೆಪ. ನನ್ನ ಬಾಯಿಂದ ಬರ್ಲಿ ಅಂತ ಕೂತಿದ್ದೀಯ. ಮಧ್ಯಾಹ್ನದಿಂದ ಕೂತಿದ್ದೀಯ.

ಸರಿ. ಕೇಳು ಹಾಗಾದ್ರೆ. ಒಂದೇ ಸಲ ಹೇಳೋದು.

ಮಗೂನ ಹೆತ್ತೋಳು ಆ ಮಗೂಗೆ ಜ್ಞಾನತಾಯಿ ಆಗೋ ಹಾಗಿಲ್ಲ. ಐದನೇದು.

ನಾನು ಹೆತ್ತೆ ನಿನ್ನ. ನಾನು.

ಅಮ್ಮನಿಗೆ ಆಗ ನಲವತ್ತಾರು. ಊರಿಗೆಲ್ಲ ಹೇಳಿದ್ದು ಅವಳೇ, “ಈ ವಯಸ್ಸಲ್ಲಿ ನನಗಿದೇನು ಗ್ರಹಚಾರ” ಅಂತ. ಕೊನೇ ಎರಡು ವಾರ ಟೆಸ್ ಮನೆಗೆ ಬಂದು ಇದ್ಲು, ಹೆರಿಗೆಗೆ ಅಂತ ಹೇಳ್ಕೊಂಡು. ಯಾರು ನಂಬಿದ್ರೋ ಯಾರು ಬಿಟ್ರೋ. ಫಾದರ್‌ಗೆ ಮಾತ್ರ ನಿಜ ಹೇಳಿದ್ರು ಅಪ್ಪ. ಅವರು ತಲೆ ಆಡಿಸಿ, ತಾಯಿ ಅನ್ನೋ ಜಾಗದಲ್ಲಿ ಅಮ್ಮನ ಹೆಸರು ಬರ್ದುಬಿಟ್ರು. ದೇವರ ಪುಸ್ತಕದಲ್ಲಿ! ಸುಳ್ಳು ಬರೆಯೋಕೆ ಆ ಮನುಷ್ಯನಿಗೆ ಯಾವ ನಿಯಮಾನೂ ಅಡ್ಡ ಬರಲಿಲ್ಲ ಕಣೇ. ನಾನು ಹೋಗಿ, “ಫಾದರ್, ನಾನು ಇವಳ ಅಮ್ಮ ಅಂತೂ ಅಲ್ಲ ಅಂತ ಆಯ್ತಲ್ಲ, ನಮ್ಮನೆ ಪದ್ಧತಿ ಹಾಗೆ ಜ್ಞಾನತಾಯಿಯಾಗಿ ನಿಲ್ತೀನಿ, ಅಷ್ಟಾದ್ರೂ ಬಿಡಿ” ಅಂತ ಕೇಳ್ದಾಗ ಅಡ್ಡ ಬಂತು. ನಿಯಮ! ನನ್ನನ್ನ ತಾಯಿ ಅಂತ ಬರೆಯೋಲ್ಲ, ಆದ್ರೆ ತಾಯಿ ಅನ್ನೋ ಕಾರಣಕ್ಕೆ ಹತ್ರ ಬರಬೇಡ! ಇದು ಯಾವ ಸೀಮೆ ನ್ಯಾಯ? ಅವರ ಮುಖಕ್ಕೇ ಕೇಳ್ದೆ ಹೀಗೆ. ಕೊನೇ ಬೆಂಚಲ್ಲಿ ಕೂತ್ಕೋ ಅಂದ್ರು. ಕೂರಲಿಲ್ಲ. ಇಡೀ ಹೊತ್ತು ಬಾಗಿಲ ಹತ್ರ ನಿಂತ್ಕೊಂಡಿದ್ದೆ. ಆ ಟೂಹಿ ಹೆಂಗಸು ನಿನ್ನನ್ನ ಕೋಸಿನ ಗೆಡ್ಡೆ ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ಲು. ತಲೆ ಮೇಲೆ ನೀರು ಬಿದ್ದಾಗ ಅತ್ತೆಯಲ್ಲ ನೀನು, ನನ್ನ ಎದೆಹಾಲು ಒಸರಿ ಅಂಗಿಯಿಂದಾಚೆಗೆ ಬಂತು. ಕೋಟು ಮುಚ್ಕೊಂಡೆ. ಆದ್ರೂ ನಿಂತೇ ಇದ್ದೆ.

ಅವನು ಯಾರು ಅಂತ ಕೇಳ್ತೀಯಾ? ಉಣ್ಣೆ ಕತ್ತರಿಸೋ ತಂಡದ ಜೊತೆ ಬಂದಿದ್ದ. ನನಗೇ ಗೊತ್ತಾಗೋ ಹೊತ್ತಿಗೆ ಅವನು ಉತ್ತರಕ್ಕೆ ಎಲ್ಲೋ ಹೊರಟುಹೋಗಿದ್ದ. ಹೆಸರು ಹೇಳ್ತೀನಿ, ಇವತ್ತಲ್ಲ. ಒಳ್ಳೇ ಡ್ಯಾನ್ಸರ್. ಇವತ್ತಿಗೆ ಅಷ್ಟು ಸಾಕು.

ಅಳ್ಬೇಡ್ವೇ. ನಾನು ಅಳ್ತಿದ್ದೀನಾ? ನನಗೇನೂ ನಾಚಿಕೆ ಇಲ್ಲ ಕಾರ್ಮೆಲ್, ಆಗ್ಲೂ ಇರ್ಲಿಲ್ಲ. ಸುಮ್ಮನಿದ್ದಿದ್ದು ಅಮ್ಮನಿಗೋಸ್ಕರ, ಅವಳಿಗೆ ಮಾತು ಕೊಟ್ಟಿದ್ದೆ. ಅವಳು ಹೋದ್ಮೇಲೆ... ಅವಳು ಹೋದ್ಮೇಲೆ ಹೆದರಿಕೆ. ಹೂಂ, ನನಗೇ! ನೀನು ಎದ್ದು ಹೋಗಿಬಿಟ್ರೆ ಅಂತ. ಅಕ್ಕ ಆಗಿದ್ರೆ ಪ್ರತಿ ಗುರುವಾರ ಬರ್ತೀಯ, ಜಗಳ ಆಡ್ತೀಯ, ಇನ್ನೊಂದು ಆಗಿಬಿಟ್ರೆ ಬರ್ತೀಯೋ ಇಲ್ವೋ ಯಾರಿಗೆ ಗೊತ್ತು.

ಎಲ್ಲಿಗೆ ಏಳ್ತೀಯ?

...ಓ. ಪೆನ್ನಿಗಾ. ಬರೀತೀಯಾ? ನಿಜವಾಗ್ಲೂ? ಹಾಲ್‌ನಲ್ಲಿ ಎಂಬತ್ತು ಜನದ ಮುಂದೆ? ಬರಿ. ಯಾರಿಗಾದ್ರೂ ಕೇಳೋದಿದ್ರೆ ಬಂದು ನನ್ನನ್ನ ಕೇಳ್ಲಿ. ಮುಂದಿನ ಸಾಲಲ್ಲೇ ಕೂತಿರ್ತೀನಿ.

ಆದ್ರೆ ಸರಿಯಾಗಿ ಬರಿ, ಆ ಕಾಗದಗಳಲ್ಲಿ ಇರೋದನ್ನ ಮಾತ್ರ ಅಲ್ಲ. ಜೂನ್ ಹತ್ತು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಆಗಿತ್ತು. ನಮ್ಮ ಕಡೆ ಜೂನ್ ಅಂದ್ರೆ ಚಳಿಗಾಲ ತಾನೇ, ಹೊರಗೆ ಮಂಜು ಬಿದ್ದಿತ್ತು. ನಿನ್ನ ಎಡಗಿವಿ ಪೂರ್ತಿ ಮಡಚ್ಕೊಂಡು ತಲೆಗೆ ಅಂಟ್ಕೊಂಡಿತ್ತು. ಸೂಲಗಿತ್ತಿ “ಇದು ಹೀಗೇ ಇರುತ್ತೆ” ಅಂದ್ಲು. ಹನ್ನೊಂದು ದಿನ, ಹಾಲು ಕೊಡೋವಾಗ್ಲೆಲ್ಲ, ಹೆಬ್ಬೆರಳಲ್ಲಿ ತೀಡಿ ತೀಡಿ ನೆಟ್ಟಗೆ ಮಾಡಿದೋಳು ನಾನು. ಇದನ್ನ ಯಾವ ಪಾದ್ರೀನೂ ಬರ್ದಿಲ್ಲ, ಬರ್ಕೋ.

ಈಗ ಏನು ಮುಟ್ಟಿ ನೋಡ್ಕೊಳ್ತೀಯ? ನೆಟ್ಟಗೇ ಇದೆ!