ಡೆಲ್ಮರ್ ಹೊತ್ತೊಯ್ದ ತೊಟ್ಟಿ

ಮಿನ್ನೆಸೋಟದ ನಮ್ಮೂರ ಕೆರೆ ಹೆಪ್ಪುಗಟ್ಟಿ ಕಲ್ಲಾಗಿತ್ತು. ಮಾರನೇ ದಿನ ಮಂಜುಗಡ್ಡೆ ಕೊರೆದು ಮೀನು ಹಿಡಿಯುವ ಪಂದ್ಯ. ಗಾಳಕ್ಕೆ ಸಿಕ್ಕಿಸುವ ಜೀವಂತ ಎರೆಮೀನು ಮಾರುವ ಅಂಗಡಿ ಊರಿಗೆ ಒಂದೇ. ಅಲ್ಲಿ ಸರದಿಯಲ್ಲಿ ನನ್ನ ಮುಂದೆ ಆರ್ಡಿಸ್, ಅವಳ ತಂಗಿ ಲವಾನ್. ಆರ್ಡಿಸ್‌ಳ ಗಂಡ ಡೆಲ್ಮರ್ ಇನ್ನೊಬ್ಬಳ ಮನೆ ಸೇರಿದ್ದು ಊರಿಗೆಲ್ಲ ಗೊತ್ತು.

“ಹೋಗೋವಾಗ ಏನೇನು ಹೊತ್ಕೊಂಡು ಹೋದ, ಅಕ್ಕ?”

“ಎರೆಮೀನಿನ ತೊಟ್ಟಿ. ಮದುವೆ ಫೋಟೋ ಬಿಟ್ಟು ಹೋದ.”

“ಥೂ, ಆ ಮೀನುಗಳನ್ನ ಸಾಕಿದ್ದು ನೀನು!”

“ನಲ್ಲಿ ನೀರನ್ನ ಒಂದಿನ ಬಕೆಟ್‌ನಲ್ಲಿಟ್ಟು, ಮೀನಿಗೆ ವಿಷವಾಗೋ ಕ್ಲೋರಿನ್ ಹೋದ್ಮೇಲೆ ತೊಟ್ಟಿಗೆ ಹಾಕ್ತಿದ್ದೆ. ಅವನು ನೋಡಿದ್ರೆ ತಾನೆ? ನಿನ್ನೆ ಫೋನ್ ಮಾಡಿದ್ದ, ಮೀನು ಮಂಕಾಗಿವೆ ಅಂತ.”

“ನೀನೇನಂದೆ?”

“ಹಳೇ ನೀರೆಲ್ಲ ಚೆಲ್ಲಿ ನಲ್ಲಿಯಿಂದ ನೇರ ತುಂಬಿಸು ಅಂದೆ. ಪಾಪ, ಚಳಿ ಆಗ್ತಿರುತ್ತೆ, ಹೀಟರ್ ಪಕ್ಕ ಇಡು ಅಂದೆ.”

“ಅಯ್ಯೋ! ತಣ್ಣಗಿದ್ರೆ ತಾನೆ ಅವು ಬದುಕೋದು?”

“ಥ್ಯಾಂಕ್ಸ್ ಬೇರೆ ಹೇಳಿದ ಕಣೇ. ಬೆಳಿಗ್ಗೆ ಎಲ್ಲಾ ಹೊಟ್ಟೆ ಮೇಲೆ ಮಾಡಿ ತೇಲ್ತಿದ್ವಂತೆ.”

“ಅವನಿಗೇನು, ನಾಳೆ ಪಂದ್ಯಕ್ಕೆ ಅಂತ ಸಂಜೆ ಇಲ್ಲಿಗೆ ಬಂದು ಬೇರೆ ತಗೋತಾನೆ.”

“ಬರಲಿ.”

ಅವರ ಸರದಿ ಬಂತು. ಆರ್ಡಿಸ್ ಬಕೆಟ್‌ಗಳನ್ನು ಮೇಜಿನ ಮೇಲಿಟ್ಟು, “ಅಂಗಡೀಲಿರೋ ಮೀನೆಲ್ಲಾ ತುಂಬಿಬಿಡಿ” ಅಂದಳು.

“ಅಕ್ಕ, ನಿಂಗೆ ಗಾಳ ಹಿಡಿಯೋಕೇ ಬರಲ್ವಲ್ಲ!”

“ನೋಡೋಕೆ ಬರುತ್ತೆ.”

ಸರದಿಯಲ್ಲಿ ಗೊಣಗಾಟ ಶುರುವಾಯಿತು. ಬಾಗಿಲು ದಾಟುವಾಗ ಆರ್ಡಿಸ್ ನಮ್ಮ ಕಡೆ ತಿರುಗಿದಳು.

“ನಾಳೆ ಕೆರೆ ದಡಕ್ಕೆ ಬನ್ರಪ್ಪಾ. ಎಲ್ಲರಿಗೂ ಪುಕ್ಕಟೆ ಕೊಡ್ತೀನಿ, ಒಬ್ಬನ್ನ ಬಿಟ್ಟು.”